ಗೋಮಾಳದ ಪಾರ್ಥೇನಿಯಂ: ಕಿತ್ತಷ್ಟೂ ಹುಟ್ಟುವುದೇಕೆ?

1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಪಾರ್ಥೇನಿಯಂ (ನಮ್ಮೂರುಗಳ ಕಾಂಗ್ರೆಸ್ ಗಿಡ) ಕೆಲವೇ ದಶಕಗಳಲ್ಲಿ ಬೆಂಗಳೂರಿನ ಖಾಲಿ ಸೈಟುಗಳಿಂದ ಬಯಲುಸೀಮೆಯ ಗೋಮಾಳದವರೆಗೆ ಹಬ್ಬಿತು. ಅಮೆರಿಕದ ಗೋಧಿಯ ಜತೆ ಬಂತೆಂಬುದು ಹೆಚ್ಚು ಪ್ರಚಲಿತ ವಾದ. ಕರ್ನಾಟಕ ಇದನ್ನು ಕಾನೂನಿನಡಿ ಪೀಡೆಕಳೆ ಎಂದು ಘೋಷಿಸಿ ಎಷ್ಟೋ ಕಾಲವಾಯಿತು. ಹೊಲಕ್ಕಾದರೆ ಒಡೆಯನಿದ್ದಾನೆ, ಗೋಮಾಳದಲ್ಲಿ ಕೀಳುವವರಾರು?

ದನಗಳು ಇದನ್ನು ಮೂಸಿ ಬಿಡುತ್ತವೆ. ಹುಲ್ಲು ಬುಡದವರೆಗೆ ಸವೆಯುತ್ತದೆ, ಬರಿದಾದ ನೆಲ ಕಳೆಗೆ ಸಿಗುತ್ತದೆ. ಬರದಲ್ಲಿ ಹಸಿವಿಗೆ ತಿಂದರೆ ಪಾರ್ಥೆನಿನ್ ವಿಷದಿಂದ ಬಾಯಿಹುಣ್ಣು, ಚರ್ಮದ ಉರಿ, ಕಹಿ ಹಾಲು. ಮೇವಿನಲ್ಲಿ ಶೇ 10ರಿಂದ 50ರಷ್ಟು ಬೆರೆತರೆ ಸಾವೂ ಸಂಭವಿಸಬಹುದು.

ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 1983ರಲ್ಲಿ ಮೆಕ್ಸಿಕೊದಿಂದ ಈ ಗಿಡದ ಎಲೆ ತಿನ್ನುವ ಜೈಗೊಗ್ರಾಮ ಬೈಕಲರೇಟಾ ದುಂಬಿ ತರಿಸಿ, ಪರೀಕ್ಷಿಸಿ, 1984ರಲ್ಲಿ ಹೊರಬಿಟ್ಟಿತು. ಮೊದಲ ಕೆಲವು ವರ್ಷ ಅದರ ಸುಳಿವೇ ಇಲ್ಲ. ಆಮೇಲೆ ಸಂತತಿ ಬೆಳೆದು, ನಗರದ ಸುತ್ತ ಗಿಡಗಳು ಬರೀ ಕಡ್ಡಿಯಾದವು. ಅಷ್ಟರಲ್ಲಿ ದುಂಬಿ ಸೂರ್ಯಕಾಂತಿ ಎಲೆ ತಿನ್ನುತ್ತಿದೆಯೆಂಬ ದೂರು ಬಂತು. ಹೊಸದಾಗಿ ಬಿಡುವುದು ನಿಂತಿತು. ಸೂರ್ಯಕಾಂತಿ ಎಲೆ ಮೇಲೆ ಕೂತ ಪಾರ್ಥೇನಿಯಂ ಪರಾಗವೇ ದುಂಬಿಯನ್ನು ಸೆಳೆದಿತ್ತೆಂದು ಮುಂದೆ ತಿಳಿಯಿತು. ಅನುಮಾನ ಹರಡಿದ ವೇಗದಲ್ಲಿ ಉತ್ತರ ಹರಡಲಿಲ್ಲ. ದುಂಬಿಗೂ ಮಿತಿಯುಂಟು: ಮಳೆಗಾಲವಷ್ಟೇ ಅದರ ಹಂಗಾಮು, ಒಣಗಾಲದಲ್ಲಿ ಮಣ್ಣಲ್ಲಿ ಅಡಗುತ್ತದೆ. ಅಕಾಲ ಮಳೆಗೆ ಎದ್ದ ಗಿಡ ಪಾರಾಗುತ್ತದೆ.

ಈಗ ನಡೆಯುವ ಶ್ರಮದಾನಗಳಲ್ಲಿ ಹೆಚ್ಚಿನವು ಹೂ ಅರಳಿದ ಮೇಲೆ. ಒಂದು ಗಿಡದಿಂದ 15,000ಕ್ಕೂ ಹೆಚ್ಚು ಬೀಜ. ಕಿತ್ತು ಎಳೆದಾಡಿದರೆ ಬಿತ್ತನೆಯಾದಂತೆ. ಮೊದಲು ಗೋಮಾಳದ ಹತ್ತಾರು ಕಡೆ ಒಂದು ಮೀಟರ್ ಉದ್ದಗಲದ ಚೌಕಟ್ಟು ಇಟ್ಟು, ಅದರೊಳಗಿನ ಸಸಿ, ನೆಲಕ್ಕಂಟಿದ ಎಳೆಗಿಡ, ಹೂಬಿಟ್ಟ ಗಿಡ ಬೇರೆಬೇರೆ ಎಣಿಸಿ, ಎಷ್ಟು ಹುಲ್ಲಿದೆಯೆಂದೂ ಬರೆದುಕೊಳ್ಳಬೇಕು. ಎಳೆಗಿಡವಿದ್ದಾಗ, ನೆಲ ತೇವವಿರುವಾಗ, ಕೈಗವಸು ಹಾಕಿ ಬೇರುಸಹಿತ ಕೀಳುವುದು. ಬುಡ ಉಳಿದರೆ ಮತ್ತೆ ಚಿಗುರುತ್ತದೆ. ಹೂ ಬರದ ಗಿಡ ಗೊಬ್ಬರದ ಗುಂಡಿಗೆ ಆದೀತು, ಬೀಜ ಕಟ್ಟಿದ್ದು ಬೇಡ. ಸಿಂಪಡಿಸುವುದಾದರೆ ಲೀಟರ್ ನೀರಿಗೆ 3ರಿಂದ 5 ಗ್ರಾಂ ಮೆಟ್ರಿಬುಜಿನ್ ಕಳೆನಾಶಕ, ಹುಲ್ಲು ಉಳಿಯುತ್ತದೆ. ಗ್ಲೈಫೊಸೇಟ್ ಹುಲ್ಲನ್ನೂ ಸುಡುತ್ತದೆ, ಮುಂದಿನ ಮಳೆಗೆ ಬರಿನೆಲದಲ್ಲಿ ಕಳೆಯೇ ಮೊದಲು ಏಳುತ್ತದೆ. ಕಿತ್ತ ಜಾಗದಲ್ಲಿ ಪಾರ್ಥೇನಿಯಂ ಅನ್ನು ಹತ್ತಿಕ್ಕುವ ತಗಚೆ ಗಿಡದ ಬೀಜ ಚೆಲ್ಲಿ, ಹುಲ್ಲು ಹಿಡಿಯುವವರೆಗೆ ಮೇಯಿಸುವುದನ್ನು ನಿಲ್ಲಿಸಬೇಕು. ಬೇರೆ ಮೇವಿಲ್ಲದ ಊರಲ್ಲಿ ಅದಕ್ಕೆ ಒಪ್ಪಿಸುವುದೇ ಕಷ್ಟ. ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುವುದರಿಂದ ಆ ಎಣಿಕೆಯನ್ನು ಪ್ರತಿ ಮಳೆಗಾಲವೂ ಅದೇ ಜಾಗಗಳಲ್ಲಿ ಮತ್ತೆ ಮಾಡಬೇಕು.