ಪದ ಪರಿಚಯ: ಬಿಹೇವಿಯರಲ್ ಆಕ್ಟಿವೇಶನ್

ಖಿನ್ನತೆ ಇರುವವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ. ‘ಸ್ವಲ್ಪ ವಾಕಿಂಗ್ ಮಾಡು, ಸರಿಹೋಗುತ್ತೆ.’ ಕೇಳಿದವರಿಗೆ ಮೈ ಉರಿಯುತ್ತದೆ. ಹಾಸಿಗೆ ಬಿಟ್ಟು ಏಳೋಕೇ ಆಗದಿರುವಾಗ ವಾಕಿಂಗ್ ಎಲ್ಲಿಂದ ಬಂತು? ಆದರೆ ಆ ಸಲಹೆಯಲ್ಲಿ ಹುರುಳಿದೆ, ಹೇಳುವ ರೀತಿ ಮಾತ್ರ ಕೆಟ್ಟದ್ದು. ಬಿಹೇವಿಯರಲ್ ಆಕ್ಟಿವೇಶನ್ ಅನ್ನುವ ಚಿಕಿತ್ಸೆ ಇದನ್ನೇ ಸರಿಯಾಗಿ ಮಾಡುತ್ತದೆ.

1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್‌ಸನ್ ಇದಕ್ಕೆ ತಳಪಾಯ ಹಾಕಿದರು. ಮನಸ್ಸು ಕುಗ್ಗಿದಾಗ ನಾವು ಒಂದೊಂದನ್ನೇ ಬಿಡುತ್ತೇವೆ: ಮೊದಲು ಗೆಳೆಯರ ಫೋನು, ಆಮೇಲೆ ಅಡುಗೆ, ಆಮೇಲೆ ಸ್ನಾನ. ಬಿಟ್ಟಷ್ಟೂ ಖುಷಿ ಕೊಡುವ ಸಂಗತಿಗಳು ಕಮ್ಮಿಯಾಗುತ್ತವೆ, ಅದರಿಂದ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಮೂಡ್ ಬರಲಿ, ಆಮೇಲೆ ಮಾಡೋಣ ಅಂತ ಕಾದರೆ ಮೂಡ್ ಬರುವುದೇ ಇಲ್ಲ. ಅದಕ್ಕೇ ಇಲ್ಲಿ ಕೆಲಸ ಮೊದಲು, ಮೂಡ್ ಆಮೇಲೆ.

ಇಷ್ಟು ಸರಳವಾದದ್ದು ಕೆಲಸ ಮಾಡುತ್ತಾ? ನಮ್ಮ ಪಕ್ಕದ ಗೋವಾದಲ್ಲೇ ಪರೀಕ್ಷೆ ಆಗಿದೆ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಡಾಕ್ಟರುಗಳಲ್ಲ, ತರಬೇತಿ ಪಡೆದ ಸಾಮಾನ್ಯ ಜನರೇ ತೀವ್ರ ಖಿನ್ನತೆ ಇದ್ದವರನ್ನು ಕೆಲವೇ ಬಾರಿ ಭೇಟಿಯಾಗಿ ಈ ಚಿಕಿತ್ಸೆ ಕೊಟ್ಟರು. ಬರೀ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಇವರು ಜಾಸ್ತಿ ಚೇತರಿಸಿಕೊಂಡರು. 2017ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಇದರಲ್ಲಿ ಮಾಡುವ ಕೆಲಸ ವ್ಯಾಯಾಮವೇ ಆಗಬೇಕೆಂದಿಲ್ಲ, ಗಿಡಕ್ಕೆ ನೀರು ಹಾಕಿದರೂ ಆಯಿತು. ಆದರೆ ವ್ಯಾಯಾಮಕ್ಕೆ ಅದರದೇ ಬಲವೂ ಇದೆ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಖಿನ್ನತೆ ಇದ್ದ, 50 ವರ್ಷ ದಾಟಿದ 156 ಜನರಲ್ಲಿ ಕೆಲವರಿಗೆ ವ್ಯಾಯಾಮ, ಕೆಲವರಿಗೆ ಸರ್ಟ್ರಲೀನ್ ಅನ್ನುವ ಖಿನ್ನತೆಯ ಮಾತ್ರೆ, ಉಳಿದವರಿಗೆ ಎರಡನ್ನೂ ಕೊಟ್ಟು ನೋಡಿದರು. ಮಾತ್ರೆ ಬೇಗ ಕೆಲಸ ಶುರುಮಾಡಿತು. ಆದರೆ 16 ವಾರದ ಹೊತ್ತಿಗೆ ಮೂರೂ ಗುಂಪು ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ಬಂದಿದ್ದವು. ಒಂದು ಮಾತು ಮರೆಯಬಾರದು, ಅವರೆಲ್ಲ ತಾವಾಗಿ ಒಪ್ಪಿ ಬಂದವರು, ವ್ಯಾಯಾಮ ಮಾಡಿಸೋಕೆ ಜೊತೆಗೆ ಜನ ಇದ್ದರು. ಮನೆಯಲ್ಲಿ ಒಬ್ಬರೇ ಕೂತಿರುವವರಿಗೆ ಆ ಆಸರೆ ಎಲ್ಲಿದೆ?

ಹಾಗಾಗಿ ಗುರಿ ನಾಚಿಕೆಯಾಗುವಷ್ಟು ಚಿಕ್ಕದಿರಲಿ. ಚಪ್ಪಲಿ ಹಾಕಿಕೊಂಡು ಗೇಟಿನ ತನಕ ಹೋಗಿ ಬರುವುದು, ಅಷ್ಟೇ. ಅದಕ್ಕೆ ಗಡಿಯಾರದ ಸಮಯ ಕೊಡಿ, ‘ಸಂಜೆ ನೋಡೋಣ’ ಬೇಡ, ‘ಐದೂವರೆಗೆ’ ಅನ್ನಿ. ಹೋಗುವ ಮುಂಚೆ ಮತ್ತು ಬಂದ ಮೇಲೆ ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂಕ ಅಂತ ಒಂದು ಹಾಳೆಯಲ್ಲಿ ಬರೆದಿಡಿ, ಯಾಕಂದ್ರೆ ಖಿನ್ನತೆ ಇರುವಾಗ ‘ಏನೂ ಪ್ರಯೋಜನ ಇಲ್ಲ’ ಅಂತಲೇ ಅನ್ನಿಸುತ್ತಿರುತ್ತದೆ, ಎರಡು ಇದ್ದದ್ದು ಮೂರಾದದ್ದು ನೆನಪಲ್ಲಿ ಉಳಿಯುವುದಿಲ್ಲ. ಒಂದು ದಿನ ತಪ್ಪಿದರೆ ಬೈದುಕೊಳ್ಳಬೇಡಿ, ಮಾರನೇ ದಿನ ಗುರಿಯನ್ನು ಇನ್ನೂ ಚಿಕ್ಕದು ಮಾಡಿ. ಮನೆಯವರು ಸುಮ್ನೆ ಉಪದೇಶ ಮಾಡುವ ಬದಲು ‘ಬಾ, ಹಾಲು ತರೋಣ’ ಅಂತ ಜೊತೆಗೆ ಹೊರಟರೆ ಎಷ್ಟೋ ಉಪಕಾರ.

ಮಾತ್ರೆ ತಗೊಳ್ತಾ ಇದ್ದರೆ ಇದನ್ನು ಓದಿ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ವಾಕಿಂಗ್ ಎಲ್ಲ ಆಮೇಲೆ, ಮೊದಲು ಹತ್ತಿರದವರಿಗೆ ಹೇಳಿ, ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಉಚಿತ ಸೇವೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.