ಲಿವರ್ ಕಾಯಿಲೆ ಇದ್ದವರಿಗೆ ಕರೀ ಸಂಡಾಸ: ಸೋಮವಾರದವರೆಗೆ ತಡೆಯಬಹುದೇ?

ಬೀಳಗಿ ತಾಲೂಕಿನ ಒಬ್ಬ ಸೊಸೆಯ ಪ್ರಶ್ನೆ: "ನಮ್ಮ ಮಾವನವರಿಗೆ 58 ವರ್ಷರೀ. ಲಿವರ್ ಕೆಟ್ಟೈತಿ ಅಂತ ಎರಡು ವರ್ಷದಿಂದ ಗುಳಿಗಿ ನಡದಾವ. ನಿನ್ನೆಯಿಂದ ಸಂಡಾಸ ಕರ್ರಗ ಬರಾಕತ್ತೇತಿ. ಹೊಟ್ಟಿ ನೋವಿಲ್ಲ, ರೊಟ್ಟಿ ತಿಂದಾರ, ಅಡ್ಡಾಡಾಕತ್ತಾರ. ಪಿತ್ತ ಆಗಿರಬೇಕು ಅಂತ ಅತ್ತಿ ಮಜ್ಜಿಗಿ ಕೊಡಾಕತ್ತಾರ. ಡಾಕ್ಟರು ಸೋಮವಾರ ಸಿಗತಾರ. ಅಲ್ಲಿತನಕ ತಡದರ ನಡೀತೈತೇನ್ರಿ?"

ಇಲ್ಲ ತಂಗಿ, ನಡೆಯುವುದಿಲ್ಲ. ಸೋಮವಾರವಲ್ಲ, ನಾಳೆ ಮುಂಜಾನೆಯೂ ಅಲ್ಲ, ಈಗಲೇ ಹೊರಡಬೇಕು. ಆ ಮನೆಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ. ಇಲ್ಲಿ ಬರೆಯುತ್ತಿರುವುದು ಇದೇ ಪ್ರಶ್ನೆ ಇಟ್ಟುಕೊಂಡು ಕೂತಿರುವ ಉಳಿದ ಮನೆಗಳಿಗೆ.

ಕರೀ ಬಣ್ಣ ನೋಡಿದರೆ ಯಾರಿಗೂ ರಕ್ತದ ನೆನಪಾಗುವುದಿಲ್ಲ. ಆದರೆ ಅನ್ನನಾಳದಲ್ಲೋ ಜಠರದಲ್ಲೋ ಸೋರಿದ ರಕ್ತ ಆಮ್ಲಕ್ಕೆ ಸಿಕ್ಕು, ಕರುಳಿನಲ್ಲಿ ತಾಸುಗಟ್ಟಲೆ ಇಳಿದು ಬರುವಷ್ಟರಲ್ಲಿ ಕಪ್ಪಾಗುತ್ತದೆ. ಮುಧೋಳ, ಜಮಖಂಡಿ ಕಡೆಯವರು ಸಕ್ಕರೆ ಕಾರ್ಖಾನೆಯ ಕಾಕಂಬಿ ಕಂಡಿರುತ್ತೀರಿ. ಅದೇ ಬಣ್ಣ, ಅದೇ ಅಂಟು, ಅದೇ ಹೊಳಪು. ಎರಡು ಬಕೆಟ್ ನೀರು ಸುರಿದರೂ ಸಂಡಾಸದ ಕಲ್ಲಿಗೆ ಹತ್ತಿಕೊಂಡೇ ಇರುತ್ತದೆ, ನಾತವಂತೂ ಒಮ್ಮೆ ಮೂಗಿಗೆ ಬಡಿದರೆ ಮರೆಯುವಂಥದ್ದಲ್ಲ. ಒಂದು ಚಹಾ ಕಪ್ಪಿನಷ್ಟು, ಅಂದರೆ 50ರಿಂದ 100 ಮಿಲಿ ರಕ್ತ ಒಳಗೆ ಹೋದರೂ ಸಾಕು, ಬಣ್ಣ ಹೀಗಾಗುತ್ತದೆ. ರಕ್ತ ಹೆಚ್ಚಾಗಲು ಕಬ್ಬಿಣದ ಗುಳಿಗೆ ನುಂಗುವವರಿಗೂ ಕಪ್ಪಗೆ ಬರುತ್ತದೆ ನಿಜ, ಆದರೆ ಅದರಲ್ಲಿ ಈ ಅಂಟು, ಈ ನಾತ ಇರುವುದಿಲ್ಲ. ಆದರೂ ಲಿವರ್ ಪೇಶಂಟ್ ಇರುವ ಮನೆಯಲ್ಲಿ ಗುಳಿಗೆಯ ಮೇಲೆ ಹಾಕಿ ಸುಮ್ಮನಿರಬೇಡಿ.

ಲಿವರ್ ಕೆಟ್ಟರೆ ರಕ್ತ ಸೋರುವುದು ಅನ್ನನಾಳದಲ್ಲಿ ಯಾಕೆ? ಕರುಳಿನ ರಕ್ತವೆಲ್ಲ ಲಿವರ್ ದಾಟಿಯೇ ಗುಂಡಿಗೆಗೆ ಹೋಗಬೇಕು. ಲಿವರ್ ಗಾಯವಾಗಿ ಮಾಯ್ದು, ಮತ್ತೆ ಗಾಯವಾಗಿ ಗಟ್ಟಿಯಾದಾಗ (ಡಾಕ್ಟರು ಸಿರೋಸಿಸ್ ಅನ್ನುವುದು ಇದಕ್ಕೇ) ಆ ದಾರಿ ಕಟ್ಟುತ್ತದೆ. ಕಾಲುವೆಯ ಗೇಟು ಇಳಿಸಿದರೆ ನೀರು ಸಣ್ಣ ಹೊಲಗಾಲುವೆಗೆ ನುಗ್ಗಿ ಒಡ್ಡು ಒಡೆಯುವುದನ್ನು ಕೃಷ್ಣೆಯ ದಂಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿಯೂ ಅಷ್ಟೇ: ಅನ್ನನಾಳದ ಕೆಳತುದಿಯ ತೆಳುವಾದ ರಕ್ತನಾಳಗಳು ಒತ್ತಡಕ್ಕೆ ಉಬ್ಬಿ ಒಂದು ದಿನ ಒಡೆಯುತ್ತವೆ. ರಕ್ತ ಹೆಪ್ಪುಗಟ್ಟಲು ಬೇಕಾದ ವಸ್ತುಗಳನ್ನು ಮಾಡುವುದೂ ಅದೇ ಕೆಟ್ಟ ಲಿವರ್. ಹಾಗಾಗಿ ಸೋರಿಕೆ ತಾನಾಗಿ ನಿಲ್ಲುತ್ತದೆಂದು ನಂಬಿ ಕೂರುವಂತಿಲ್ಲ.

ಮೋಸ ಮಾಡುವುದು ನೋವಿಲ್ಲದಿರುವುದು. ಈ ನಾಳ ಒಡೆದರೆ ನೋಯುವುದಿಲ್ಲ. ಮುಂಜಾನೆ ರೊಟ್ಟಿ ತಿಂದು ಕಟ್ಟೆಯ ಮೇಲೆ ಕೂತವರು ಸಂಜೆಗೆ ಬಚ್ಚಲಲ್ಲಿ ಬಿದ್ದಿರುತ್ತಾರೆ. ಅದಕ್ಕೇ ಮುಖ ನೋಡಿ ನಿರ್ಧರಿಸಬೇಡಿ, ಬಣ್ಣ ನೋಡಿ ಹೊರಡಿ. ಕೆಂಪು ರಕ್ತ ಅಥವಾ ಕಾಫಿಪುಡಿ ಕಲಸಿದಂಥ ವಾಂತಿ, ಎದ್ದು ನಿಂತರೆ ಕಣ್ಣು ಕತ್ತಲೆ, ತಣ್ಣನೆಯ ಬೆವರು, ಓಡುವ ನಾಡಿ, ಮೂತ್ರ ಕಡಿಮೆಯಾಗುವುದು: ಇವು ಬಂದರೆ ರಕ್ತ ಸಾಕಷ್ಟು ಹೋಗಿದೆ ಎಂದೇ ಅರ್ಥ. ತಡವರಿಸುವ ಮಾತು, ಹಗಲೆಲ್ಲ ಮಂಪರು ಕಂಡರೂ ಅಷ್ಟೇ ಅವಸರ ಮಾಡಿ. ಕರುಳಿಗೆ ಇಳಿದ ರಕ್ತದಿಂದ ಹುಟ್ಟುವ ಅಮೋನಿಯಾ ಎಂಬ ವಿಷವನ್ನು ಕೆಟ್ಟ ಲಿವರ್ ತೊಳೆಯಲಾರದೆ ಅದು ಮಿದುಳಿಗೆ ಏರಿರುತ್ತದೆ.

108ಕ್ಕೆ ಫೋನ್ ಮಾಡಿ "ಲಿವರ್ ಪೇಶಂಟ್, ರಕ್ತ ಹೋಗಾಕತ್ತೇತಿ" ಎಂದೇ ಹೇಳಿ. ಬೈಕಿನ ಮೇಲೆ ನಡುವೆ ಕೂರಿಸಿಕೊಂಡು ಹೋಗುವುದು ಬೇಡ. ಎಡ ಮಗ್ಗುಲಾಗಿ ಮಲಗಿಸಿ, ವಾಂತಿಯಾದರೂ ಉಸಿರಿನ ದಾರಿಗೆ ಹೋಗದು. ಮಜ್ಜಿಗೆ, ಎಳನೀರು, ಕಾಮಣಿ ಔಷಧ, ನೋವಿನ ಗುಳಿಗೆ ಯಾವುದೂ ಬೇಡ. ಹಳೆಯ ಫೈಲು, ನುಂಗುವ ಗುಳಿಗೆಗಳ ಚೀಟಿ ಚೀಲಕ್ಕೆ ಹಾಕಿ. ರಕ್ತ ಕೊಡಬೇಕಾದೀತು, ಗಟ್ಟಿಮುಟ್ಟಾದ ಇಬ್ಬರು ಜೊತೆಗೆ ಬರಲಿ. ಬೇಕಿರುವುದು ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾದ ನಳಿಗೆ ಇಳಿಸಿ ಒಳಗೆ ನೋಡುವುದು) ಇರುವ ಆಸ್ಪತ್ರೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಪೇಶಂಟ್ ಸುಸ್ತಾಗಿದ್ದರೆ ದಾರಿಯ ತಾಲೂಕು ಆಸ್ಪತ್ರೆಯಲ್ಲಿ ಸಲಾಯಿನ್ ಹಚ್ಚಿಸಿಕೊಂಡು ಮುಂದೆ ಹೋಗಿ. ದೊಡ್ಡ ಆಸ್ಪತ್ರೆಯಲ್ಲಿ ಆ ನಾಳಗಳ ಒತ್ತಡ ಇಳಿಸುವ ಇಂಜೆಕ್ಷನ್, ಆಂಟಿಬಯಾಟಿಕ್ ಕೊಟ್ಟು, ಸಾಮಾನ್ಯವಾಗಿ 12 ತಾಸಿನೊಳಗೆ ಎಂಡೋಸ್ಕೋಪಿ ಮಾಡಿ ಒಡೆದ ನಾಳಕ್ಕೆ ರಬ್ಬರ್ ಬ್ಯಾಂಡ್ ಬಿಗಿಯುತ್ತಾರೆ.

ಇನ್ನೊಂದು ಮಾತು ಹೇಳಲೇಬೇಕು. ಎಮರ್ಜೆನ್ಸಿ ಬಾಗಿಲಲ್ಲಿ ಮನೆಯವರು ಕುಡಿತದ ವಿಷಯ ಮುಚ್ಚಿಡುತ್ತಾರೆ. "ಗ್ಯಾಸ್ ಆಗೇತ್ರಿ" ಅಂದು ಒಂದು ತಾಸು ಕಳೆದ ಹೆಂಡತಿಯರನ್ನು ನೋಡಿದ್ದೇನೆ, ಅವರ ತಪ್ಪಲ್ಲ, ಊರಿನ ಬಾಯಿಗೆ ಹೆದರಿರುತ್ತಾರೆ. ಆದರೆ ಹೆಪಟೈಟಿಸ್ ಬಿ, ಸಿ, ಸಕ್ಕರೆ ಕಾಯಿಲೆಯ ಜೊತೆ ಬರುವ ಕೊಬ್ಬಿನ ಲಿವರ್‌ನಿಂದಲೂ ಹೀಗೇ ಆಗುತ್ತದೆ, ಹನಿ ಮುಟ್ಟದವರಿಗೂ. ಕುಡಿದಿದ್ದರೆ ಕುಡಿದಿದ್ದಾರೆ ಎನ್ನಿ. ಆ ಹೊತ್ತಿನಲ್ಲಿ ಡಾಕ್ಟರಿಗೆ ಬೇಕಿರುವುದು ನಿಜ.

ರಕ್ತ ನಿಂತು ಮನೆಗೆ ಬಂದಮೇಲೂ ಕೆಲಸ ಉಳಿದಿರುತ್ತದೆ. ಉಬ್ಬಿದ ನಾಳಗಳೆಲ್ಲ ಕುಗ್ಗುವವರೆಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಬ್ಯಾಂಡ್ ಹಾಕಿಸಬೇಕು, ಆ ನಾಳಗಳ ಒತ್ತಡ ಇಳಿಸುವ ಗುಳಿಗೆಯನ್ನು ತಾವಾಗಿ ಬಿಡಬಾರದು, ಕುಡಿತ ಪೂರ್ತಿ ನಿಲ್ಲಬೇಕು. ಇದನ್ನೆಲ್ಲ ಬಿಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದೆರಡು ವರ್ಷದೊಳಗೆ ಮತ್ತೆ ರಕ್ತ ಹೋಗುತ್ತದೆ. ಎರಡನೇ ಬ್ಯಾಂಡಿನ ತಾರೀಖು ಕಬ್ಬು ಕಡಿಸುವ ದಿನವೇ ಬಂದರೆ, ಕಬ್ಬು ಇನ್ನೆರಡು ದಿನ ಹೊಲದಲ್ಲೇ ನಿಲ್ಲಲಿ.