ಮುಖದ ಜಾಡು, ಹಣದ ಜಾಡು

ಕೊಡಗಿನ ಮೂಲದ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ವಿಡಿಯೊಗೆ ಅಂಟಿಸಿದ ತುಣುಕೊಂದು 2023ರ ನವೆಂಬರ್‌ನಲ್ಲಿ ದೇಶದ ಮೊಬೈಲುಗಳಲ್ಲೆಲ್ಲ ಹರಿದಾಡಿತು. ಅದನ್ನು ಸೃಷ್ಟಿಸಿದ ಆರೋಪದ ಮೇಲೆ ದೆಹಲಿ ಪೊಲೀಸರು ಯುವಕನೊಬ್ಬನನ್ನು ಬಂಧಿಸಿದ್ದು 2024ರ ಜನವರಿಯಲ್ಲಿ. ವಿಡಿಯೊ ಹರಡಲು ಗಂಟೆಗಳು ಸಾಕಾದವು. ಅದರ ಮೂಲ ಹಿಡಿಯಲು ಎರಡು ತಿಂಗಳಿಗೂ ಹೆಚ್ಚು ಬೇಕಾಯಿತು.

ಎಐ ಬಳಸಿ ಸೃಷ್ಟಿಸುವ ಇಂಥ ನಕಲಿ ವಿಡಿಯೊ, ಅಂದರೆ ಡೀಪ್‌ಫೇಕ್‌ನ ಪತ್ತೆ ಏಕೆ ಕಠಿಣ ಎಂಬುದು ಅದರ ಹುಟ್ಟಿನಲ್ಲೇ ಇದೆ. 2014ರಲ್ಲಿ ಕಂಪ್ಯೂಟರ್ ವಿಜ್ಞಾನಿ ಇಯಾನ್ ಗುಡ್‌ಫೆಲೊ ಮತ್ತು ಸಂಗಡಿಗರು ರೂಪಿಸಿದ ವಿಧಾನದಲ್ಲಿ ಎರಡು ನರಜಾಲಗಳು (ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ವ್ಯವಸ್ಥೆಗಳು) ಪರಸ್ಪರ ಸೆಣಸುತ್ತವೆ: ಒಂದು ನಕಲಿ ಚಿತ್ರ ರಚಿಸಿದರೆ, ಇನ್ನೊಂದು ಅದನ್ನು ಅಸಲಿಯಿಂದ ಬೇರ್ಪಡಿಸಲು ಯತ್ನಿಸುತ್ತದೆ, ಮತ್ತು ಸಿಕ್ಕಿಬಿದ್ದಾಗಲೆಲ್ಲ ಮೊದಲನೆಯದು ತನ್ನ ತಪ್ಪನ್ನು ತಿದ್ದಿಕೊಳ್ಳುತ್ತದೆ. ಪತ್ತೇದಾರನೇ ಕಳ್ಳನಿಗೆ ಪಾಠ ಹೇಳಿಕೊಡುವ ಏರ್ಪಾಡು ಇದು. ನಕಲಿ ಮುಖಗಳು ಸಹಜವಾಗಿ ಕಣ್ಣು ಮಿಟುಕಿಸುವುದಿಲ್ಲ ಎಂಬುದನ್ನು 2018ರಲ್ಲಿ ಸಂಶೋಧಕರು ಗುರುತಿಸಿದರು. ಅನಂತರ ಬಂದ ನಕಲಿಗಳು ಮಿಟುಕಿಸುವುದನ್ನೂ ಕಲಿತವು. ಹೃದಯ ಬಡಿದಂತೆ ಚರ್ಮದ ಬಣ್ಣದಲ್ಲಿ ಉಂಟಾಗುವ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಏರಿಳಿತವನ್ನು ಹುಡುಕುವ ತಂತ್ರವೂ ಇದೆ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಕೈ ದಾಟಿ ಕುಗ್ಗಿದ ವಿಡಿಯೊದಲ್ಲಿ ಇಂಥ ಕುರುಹುಗಳು ಬಹುಪಾಲು ಅಳಿಸಿಹೋಗಿರುತ್ತವೆ. ಕೇಂದ್ರ ಸರ್ಕಾರದ ಇಂಡಿಯಾ ಎಐ ಮಿಷನ್ ಅಡಿಯಲ್ಲಿ ಜೋಧಪುರ, ಮದ್ರಾಸ್, ಮಂಡಿ ಮತ್ತು ಖರಗ್‌ಪುರದ ಐಐಟಿಗಳಿಗೆ ಪತ್ತೆ ಸಾಧನಗಳ ಯೋಜನೆಗಳನ್ನು ವಹಿಸಿರುವುದು ಅಗತ್ಯದ ಕೆಲಸವೇ. ಆದರೂ ಇಂಥ ನಕಲಿ ಮುಖಗಳನ್ನೂ ಬಳಸಿಕೊಳ್ಳುವ ಸೈಬರ್ ವಂಚನೆಯ ವಿರುದ್ಧ ನಿಜವಾದ ಹಿಡಿತ ಸಿಗುವುದು ಮುಖದ ಜಾಡಿನಲ್ಲಲ್ಲ, ಹಣದ ಜಾಡಿನಲ್ಲಿ ಎಂಬುದು ನನ್ನ ಎಣಿಕೆ.

ಸರ್ಕಾರ ಲೋಕಸಭೆಗೆ ತಿಳಿಸಿದಂತೆ 2024ರಲ್ಲಿ ಸೈಬರ್ ವಂಚನೆಯಿಂದ ಜನ ಕಳೆದುಕೊಂಡದ್ದು 22,845 ಕೋಟಿ ರೂಪಾಯಿ. ಹಿಂದಿನ ವರ್ಷದ ಸುಮಾರು ಮೂರು ಪಟ್ಟು. ವಂಚಕ ಯಾವ ಮುಖ ತೊಟ್ಟು ಬಂದರೂ, 'ಡಿಜಿಟಲ್ ಅರೆಸ್ಟ್' ಎಂದು ಬೆದರಿಸುವ ನಕಲಿ ಪೊಲೀಸನೇ ಆಗಿರಲಿ, ಕೊನೆಗೆ ಅವನಿಗೆ ಒಂದು ಸಿಮ್ ಮತ್ತು ಒಂದು ಬ್ಯಾಂಕ್ ಖಾತೆ ಬೇಕೇ ಬೇಕು. ಆ ಖಾತೆ ಅವನದಾಗಿರುವುದಿಲ್ಲ. ಕಮಿಷನ್ ಆಸೆಗೆ ಯಾರೋ ಬಾಡಿಗೆಗೆ ಕೊಟ್ಟ 'ಮ್ಯೂಲ್' ಖಾತೆ ಅದು. ಹಣ ಅಲ್ಲಿಗೆ ಬಂದ ನಿಮಿಷಗಳಲ್ಲೇ ಹಲವು ಖಾತೆಗಳಿಗೆ ಒಡೆದು ಹರಿಯುತ್ತದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಬೇಗನೆ ಕರೆ ಮಾಡಿ ಎಂದು ಪೊಲೀಸರು ಹೇಳುವುದು ಆ ಹರಿವು ಮುಗಿಯುವ ಮುನ್ನ ತಡೆಯೊಡ್ಡಬಹುದೆಂಬ ಕಾರಣಕ್ಕೆ.

ರಿಸರ್ವ್ ಬ್ಯಾಂಕಿನ ಅಂಗವಾಗಿ ಬೆಂಗಳೂರಿನಲ್ಲಿರುವ ನಾವೀನ್ಯ ಕೇಂದ್ರ ರೂಪಿಸಿದ 'ಮ್ಯೂಲ್‌ಹಂಟರ್' ಇಂಥ ಖಾತೆಗಳನ್ನು ಅವುಗಳ ನಡವಳಿಕೆಯಿಂದ ಗುರುತಿಸುತ್ತದೆ. ತಿಂಗಳುಗಟ್ಟಲೆ ಮಲಗಿದ್ದ ಖಾತೆಗೆ ಒಮ್ಮೆಲೇ ಅಪರಿಚಿತರಿಂದ ಹಣ ಬಂದು ಅಷ್ಟೇ ವೇಗದಲ್ಲಿ ಖಾಲಿಯಾದರೆ ಅದು ಸಂಶಯಕ್ಕೆ ಕಾರಣ. ದೂರಸಂಪರ್ಕ ಇಲಾಖೆಯ 'ಅಸ್ತ್ರ್' ವ್ಯವಸ್ಥೆ ಸಿಮ್ ಅರ್ಜಿಗಳ ಭಾವಚಿತ್ರಗಳನ್ನು ಹೋಲಿಸಿ, ಒಂದೇ ಮುಖ ಹಲವು ಹೆಸರುಗಳಲ್ಲಿ ಸಿಮ್ ಪಡೆದಿರುವುದನ್ನು ಹೆಕ್ಕುತ್ತದೆ. 2023ರ ಮೇ ಹೊತ್ತಿಗೆ ಅದರ ನೆರವಿನಿಂದ 36 ಲಕ್ಷಕ್ಕೂ ಹೆಚ್ಚು ಸಂಪರ್ಕಗಳನ್ನು ಕಡಿತಗೊಳಿಸಲಾಗಿತ್ತು.

ಆದರೆ ಇಲ್ಲೊಂದು ಗಣಿತವಿದೆ, ಅದರ ಬಗ್ಗೆ ಚರ್ಚೆ ಕಡಿಮೆ. ದಿನಕ್ಕೆ 60 ಕೋಟಿ ಯುಪಿಐ ವಹಿವಾಟು ನಡೆಯುತ್ತದೆ ಎಂದುಕೊಂಡು, ಸಾವಿರಕ್ಕೆ ಒಂದೇ ಒಂದು ಬಾರಿ ತಪ್ಪಾಗಿ ಎಚ್ಚರಿಕೆ ಕೊಡುವ ಯಂತ್ರವನ್ನು ಅದಕ್ಕೆ ಕಾವಲಿಟ್ಟರೆ, ದಿನಕ್ಕೆ 6 ಲಕ್ಷ ಸುಳ್ಳು ಎಚ್ಚರಿಕೆಗಳು ಬರುತ್ತವೆ. ಪ್ರತಿಯೊಂದರ ಹಿಂದೆಯೂ ಒಂದು ಖಾತೆ ಇದೆ. ಆ ಖಾತೆ, ಕದ್ದ ಹಣವೆಂದು ತಿಳಿಯದೆ ಕ್ಯೂಆರ್ ಕೋಡ್‌ನಲ್ಲಿ ನೂರು ರೂಪಾಯಿ ಪಡೆದ ತರಕಾರಿ ವ್ಯಾಪಾರಿಯದೂ ಆಗಿರಬಹುದು. ಆದ್ದರಿಂದ ಯಂತ್ರ ಬೆರಳು ತೋರಿಸಿದ ಮೇಲೆ ಖಾತೆಯನ್ನು ಪೂರ್ತಿ ಸ್ಥಗಿತಗೊಳಿಸಬೇಕೋ, ಸಂಶಯದ ಮೊತ್ತವನ್ನಷ್ಟೇ ತಡೆಹಿಡಿಯಬೇಕೋ ಎಂಬ ತೀರ್ಮಾನವನ್ನು ಮನುಷ್ಯನೊಬ್ಬ, ಅದೂ ಕೆಲವೇ ನಿಮಿಷಗಳಲ್ಲಿ, ತೆಗೆದುಕೊಳ್ಳಬೇಕಾಗುತ್ತದೆ. ತಡಮಾಡಿದರೆ ಕದ್ದ ಹಣ ಕೈತಪ್ಪುತ್ತದೆ. ಆತುರಪಟ್ಟರೆ ವ್ಯಾಪಾರಿಯ ಮರುದಿನದ ಬಂಡವಾಳ ಬ್ಯಾಂಕಿನಲ್ಲೇ ಸಿಕ್ಕಿಕೊಳ್ಳುತ್ತದೆ.